ಯಾವ ಚಮಚ, ಎಷ್ಟು ಮದ್ದು?

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಪುತ್ತೂರು, ಸುಳ್ಯ, ಕಡಬ ಕಡೆಯ ಅಡಿಕೆ ತೋಟಗಳಲ್ಲಿ ಒಂದೇ ಲೆಕ್ಕ ಕೇಳಿಸುತ್ತದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಶಾಲೆಯ ಮೆಟ್ಟಿಲು ಹತ್ತದ ಅಜ್ಜನಿಗೂ ಇದು ಬಾಯಿಪಾಠ. ಡ್ರಮ್ಮು 200 ಲೀಟರಿನದಾದರೆ ಎರಡೆರಡು ಕಿಲೋ. ಹದ ಸರಿಯಾಯಿತೋ ಇಲ್ಲವೋ ಎಂದು ನೋಡಲು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಫ್ರಾನ್ಸಿನ ಬೋರ್ಡೊ ಪ್ರಾಂತದ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ದ್ರಾವಣವನ್ನು 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಬಳಸಲು ಕಲಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ನೂರು ವರ್ಷ ದಾಟಿದರೂ ಅಳತೆಯ ಬಗ್ಗೆ ಯಾರಿಗೂ ಗೊಂದಲವಿಲ್ಲ.

ಈ ಕಡೆಯ ಮಾತಿನಲ್ಲಿ ಅದಕ್ಕೂ ‘ಮದ್ದು’ ಎಂದೇ ಹೆಸರು. ಅಡಿಕೆಗೆ ಮದ್ದು ಬಿಡುತ್ತಾರೆ, ಮಗುವಿಗೆ ಮದ್ದು ಕುಡಿಸುತ್ತಾರೆ. ಆದರೆ ಅದೇ ಮನೆಯಲ್ಲಿ ಮಗುವಿಗೆ ಜ್ವರ ಬಂದಾಗ ಕಪಾಟಿನಿಂದ ಇಳಿಸಿದ ಕುಪ್ಪಿಯ ಮದ್ದು ಎಷ್ಟು ಕೊಡಬೇಕು ಎಂದು ಕೇಳಿ ನೋಡಿ. “ಒಂದು ಚಮಚ” ಎನ್ನುತ್ತಾರೆ ಅಮ್ಮ. “ಕಳೆದ ಸಲ ಅರ್ಧ ಚಮಚ ಹೇಳಿದ್ದರಲ್ಲ?” ಎನ್ನುತ್ತಾರೆ ಅಜ್ಜಿ. ಡಾಕ್ಟರು ಕೊಟ್ಟ ಚೀಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಕೊನೆಗೆ ಕನ್ನಡಕ ಬೇಡದ ಕಣ್ಣು ಮನೆಯಲ್ಲಿ ಇರುವುದು ಏಳನೇ ತರಗತಿಯ ಮಗಳಿಗೆ ಮಾತ್ರ. ಅವಳು ಕುಪ್ಪಿಯನ್ನು ಬೆಳಕಿಗೆ ಹಿಡಿದು ಲೇಬಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಾಳೆ. ಡೋಸೇಜ್ ಎಂಬ ಪದ ಸಿಗುತ್ತದೆ. ಅದರ ಮುಂದೆ ಇರುವುದು ಇಷ್ಟೇ: ವೈದ್ಯರು ಸೂಚಿಸಿದಂತೆ.

ಅಡಿಕೆ ಮರಕ್ಕಿರುವ ಖಚಿತ ಅಳತೆ ಅಡಿಕೆ ಬೆಳೆಯುವವರ ಮಗುವಿಗೆ ಯಾಕಿಲ್ಲ?

ಕಾನೂನು ಏನು ಕೇಳುತ್ತದೆ?

ನಮ್ಮ ದೇಶದಲ್ಲಿ ಔಷಧದ ಲೇಬಲಿನ ಮೇಲೆ ಏನೇನು ಇರಬೇಕು ಎಂಬುದನ್ನು 1945ರ ಔಷಧ ನಿಯಮಗಳು ಹೇಳುತ್ತವೆ. ಅವು 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯ ಕೆಳಗೆ ಬಂದವು. ಔಷಧದ ಹೆಸರು, ಒಳಗಿರುವ ಮೂಲವಸ್ತು ಎಷ್ಟು, ತಯಾರಕರು ಯಾರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ತಯಾರಾದ ದಿನ, ಅವಧಿ ಮುಗಿಯುವ ದಿನ, ಬೆಲೆ, ಇವೆಲ್ಲ ಬೇಕು. ವೈದ್ಯರ ಚೀಟಿಯಿಂದಲೇ ಮಾರಬೇಕಾದ ಮದ್ದಾದರೆ ಆ ಎಚ್ಚರಿಕೆಯೂ ಇರಬೇಕು. 2018ರ ಸೆಪ್ಟೆಂಬರಿನಿಂದ ಮೂಲವಸ್ತುವಿನ ಹೆಸರು ಕಂಪೆನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಎಂಬ ನಿಯಮವೂ ಬಂದಿದೆ. ಒಳ್ಳೆಯ ನಿಯಮ.

ಆದರೆ ಈ ಪಟ್ಟಿಯನ್ನು ಎರಡು ಸಲ ಓದಿದರೂ ‘ಇದನ್ನು ಕುಡಿಯುವವನು ಎಷ್ಟು ಕುಡಿಯಬೇಕು’ ಎಂಬ ಸಾಲು ಅದರಲ್ಲಿ ಸಿಗುವುದಿಲ್ಲ. ಪ್ರಮಾಣ ಹೇಳುವ ಕೆಲಸವನ್ನು ಕಾನೂನು ಚೀಟಿಗೆ ಬಿಟ್ಟಿದೆ. ಅದೇ ನಿಯಮಗಳ 65ನೆಯದು, ಚೀಟಿಯಲ್ಲಿ ರೋಗಿಯ ಹೆಸರು ವಿಳಾಸ, ವೈದ್ಯರ ಸಹಿ, ತಾರೀಕು, ಒಟ್ಟು ಎಷ್ಟು ಮದ್ದು ಕೊಡಬೇಕು ಮತ್ತು ಎಷ್ಟೆಷ್ಟು ತೆಗೆದುಕೊಳ್ಳಬೇಕು ಎಂಬುದು ಇರಲೇಬೇಕು ಎನ್ನುತ್ತದೆ. ಹೀಗೆ ವಿಂಗಡಿಸಿದ್ದಕ್ಕೆ ಕಾರಣವೂ ಇದೆ. ಒಂದೇ ಮದ್ದು ಒಬ್ಬರಿಗೆ ದಿನಕ್ಕೆ ಒಂದಾದರೆ ಇನ್ನೊಬ್ಬರಿಗೆ ಮೂರು. ಕಾರ್ಖಾನೆಯಲ್ಲಿ ಕೂತವನಿಗೆ ಗುತ್ತಿಗಾರಿನ ಮಗುವಿನ ತೂಕ ಗೊತ್ತಿಲ್ಲ. ಎಲ್ಲರೂ ತಾವೇ ವೈದ್ಯರಾಗಿಬಿಡಬಾರದು ಎಂಬ ಕಾಳಜಿಯೂ ಇದ್ದೀತು.

ವಾದ ಸರಿಯೇ. ಆದರೆ ಚೀಟಿ ಹಾರಿಹೋಗುತ್ತದೆ, ಕುಪ್ಪಿ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಅಣ್ಣನಿಗೆ ತಂದ ಜ್ವರದ ಮದ್ದಿನಲ್ಲಿ ಅರ್ಧ ಮಿಕ್ಕಿರುತ್ತದೆ. ಆಟಿ ತಿಂಗಳ ಜಡಿಮಳೆಯ ಒಂದು ರಾತ್ರಿ ತಂಗಿಗೆ ಮೈ ಸುಡುತ್ತದೆ. ಸುಬ್ರಹ್ಮಣ್ಯದಿಂದಲೋ ಸಂಪಾಜೆಯಿಂದಲೋ ಆ ಹೊತ್ತಿಗೆ ಗಾಡಿ ಹಿಡಿದು ಪೇಟೆಯ ಆಸ್ಪತ್ರೆಗೆ ಹೋಗುವುದು ಸುಲಭದ ಮಾತಲ್ಲ. ಕೈ ತಾನಾಗಿಯೇ ಕಪಾಟಿಗೆ ಹೋಗುತ್ತದೆ. ಅಣ್ಣನ ತೂಕ 20 ಕಿಲೋ, ತಂಗಿಯದು 10. ಆ ರಾತ್ರಿ ಮನೆಯವರೊಡನೆ ಮಾತಾಡುವುದು ಕುಪ್ಪಿಯ ಲೇಬಲ್ ಒಂದೇ. ಅದು ಪ್ರಮಾಣದ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಒಂದೇ ಮದ್ದು, ಹಲವು ಹದ

ಲೇಬಲ್ ಪೂರ್ತಿ ಮೌನಿಯೂ ಅಲ್ಲ, ಓದಲು ಕಲಿತವರಿಗೆ ಒಂದು ಸುಳಿವು ಕೊಡುತ್ತದೆ. ಸಿರಪ್ಪಿನ ಕುಪ್ಪಿಯಲ್ಲಿ ‘ಪ್ರತಿ 5 ಮಿ.ಲೀ.ನಲ್ಲಿ ಇಷ್ಟು ಮಿಲಿಗ್ರಾಂ’ ಎಂದಿರುತ್ತದೆ. ಡ್ರಾಪ್ಸ್ ಕುಪ್ಪಿಯಲ್ಲಿ ‘ಪ್ರತಿ 1 ಮಿ.ಲೀ.ನಲ್ಲಿ’ ಎಂದಿರುತ್ತದೆ. ಈ ವ್ಯತ್ಯಾಸ ಕಂಪೆನಿಯ ಮರ್ಜಿಯಲ್ಲ. ಬಾಯಿಯಿಂದ ಕೊಡುವ ದ್ರವ ಔಷಧಕ್ಕೆ 5 ಮಿ.ಲೀ. ಲೆಕ್ಕದಲ್ಲಿ ಹೇಳಬೇಕು, ಒಂದು ಸಲದ ಪ್ರಮಾಣ ಅದಕ್ಕಿಂತ ಕಡಿಮೆಯಾದರೆ 1 ಮಿ.ಲೀ. ಲೆಕ್ಕದಲ್ಲಿ ಹೇಳಬಹುದು ಎಂದು ನಿಯಮವೇ ಇದೆ. ತಜ್ಞರಿಗೆ ಇದು ಅನುಕೂಲ. ಅಡುಗೆಮನೆಯ ಮಂದ ಬೆಳಕಿನಲ್ಲಿ 5ನ್ನೂ 1ನ್ನೂ ಗಮನಿಸದೆ ಮಿಲಿಗ್ರಾಂ ಮಾತ್ರ ನೋಡುವವರಿಗೆ ಇದೇ ಬಲೆ.

ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲನ್ನೇ ತೆಗೆದುಕೊಳ್ಳೋಣ. ಪೇಟೆಯಲ್ಲಿ ಅದರ ಸಿರಪ್ 5 ಮಿ.ಲೀ.ಗೆ 120 ಅಥವಾ 125 ಮಿಲಿಗ್ರಾಂ ಇರುವಂತೆಯೂ ಸಿಗುತ್ತದೆ, 240 ಅಥವಾ 250 ಮಿಲಿಗ್ರಾಂ ಇರುವಂತೆಯೂ ಸಿಗುತ್ತದೆ. ಹಸುಗೂಸುಗಳ ಡ್ರಾಪ್ಸ್ 1 ಮಿ.ಲೀ.ಗೆ 100 ಮಿಲಿಗ್ರಾಂ ಇರುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಒಂದು ಸಲಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಸಲದ ನಡುವೆ 4ರಿಂದ 6 ಗಂಟೆ ಬಿಡುವಿರಬೇಕು, 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚಾಗಬಾರದು.

ಈಗ ಏಳನೇ ತರಗತಿಯ ಅನುಪಾತದ ಲೆಕ್ಕ. 10 ಕಿಲೋ ತೂಗುವ ಮಗುವಿಗೆ ವೈದ್ಯರು 150 ಮಿಲಿಗ್ರಾಂ ಕೊಡಲು ಹೇಳಿದ್ದಾರೆ ಎಂದುಕೊಳ್ಳಿ. 120ರ ಸಿರಪ್ಪಿನಲ್ಲಿ 1 ಮಿ.ಲೀ.ಗೆ 24 ಮಿಲಿಗ್ರಾಂ ಆಯಿತು, ಆದ್ದರಿಂದ 6.25 ಮಿ.ಲೀ. ಬೇಕು. 250ರದ್ದಾದರೆ 3 ಮಿ.ಲೀ. ಸಾಕು. ಡ್ರಾಪ್ಸ್ ಆದರೆ ಒಂದೂವರೆ ಮಿ.ಲೀ. ಮಾತ್ರ. ಒಂದೇ ಮಗು, ಒಂದೇ ಜ್ವರ, ಒಂದೇ ಮದ್ದು. ಅಳತೆ ಮಾತ್ರ ಮೂರು ಬಗೆ!

ಇದನ್ನೇ ತಿರುಗಿಸಿ ನೋಡಿ. ಮೂರರಲ್ಲಿ ಯಾವುದಿದ್ದರೂ ‘ಒಂದು ಚಮಚ’, ಅಂದರೆ 5 ಮಿ.ಲೀ. ಕೊಟ್ಟರೆ ಮಗುವಿನ ಹೊಟ್ಟೆಗೆ ಹೋಗುವುದು ಮೊದಲನೆಯದರಲ್ಲಿ 120, ಎರಡನೆಯದರಲ್ಲಿ 250, ಡ್ರಾಪ್ಸಿನಲ್ಲಿ 500 ಮಿಲಿಗ್ರಾಂ. ಬೇಕಾದದ್ದು 150. ಮೊದಲನೆಯದು ಸ್ವಲ್ಪ ಕಡಿಮೆ, ಅಪಾಯವಿಲ್ಲ. ಮೂರನೆಯದು ಮೂರು ಪಟ್ಟಿಗಿಂತಲೂ ಹೆಚ್ಚು. ಒಂದೇ ದಿನ ನಾಲ್ಕು ಸಲ ಹೀಗೆ ಕೊಟ್ಟರೆ ಅದು ಮದ್ದಾಗಿ ಉಳಿಯುವುದಿಲ್ಲ, ಯಕೃತ್ತನ್ನು ಕೆಡಿಸುವ ವಿಷವಾಗುತ್ತದೆ. ‘ಹಸುಗೂಸುಗಳ ಮದ್ದು, ಅದು ತೆಳುವಾಗಿರುತ್ತದೆ’ ಎಂದು ತಿಳಿದವರು ಬಹಳ. ಸತ್ಯ ಅದಕ್ಕೆ ತದ್ವಿರುದ್ಧ: ಕೂಸು ಹೆಚ್ಚು ಕುಡಿಯಲಾರದು ಎಂದೇ ಡ್ರಾಪ್ಸನ್ನು ಗಟ್ಟಿಯಾಗಿ ಮಾಡಿರುತ್ತಾರೆ.

ಇದಕ್ಕೆ ಪರಿಹಾರವಿಲ್ಲವೇ? ಇದೆ. ಅಮೆರಿಕದಲ್ಲಿಯೂ ಹಸುಗೂಸುಗಳ ಡ್ರಾಪ್ಸ್ ಬೇರೆ ಹದದ್ದು, ಮಕ್ಕಳ ಸಿರಪ್ ಬೇರೆ ಹದದ್ದು ಆಗಿತ್ತು; ಗೊಂದಲದಿಂದ ಮಕ್ಕಳಿಗೆ ಅಪಾಯವಾಗುತ್ತಿತ್ತು. 2011ರಲ್ಲಿ ಅಲ್ಲಿನ ತಯಾರಕರೇ ಒಪ್ಪಿ ಗಟ್ಟಿ ಡ್ರಾಪ್ಸನ್ನು ನಿಲ್ಲಿಸಿ, ಕೂಸುಗಳಿಗೂ ಮಕ್ಕಳಿಗೂ 5 ಮಿ.ಲೀ.ಗೆ 160 ಮಿಲಿಗ್ರಾಂ ಎಂಬ ಒಂದೇ ಹದಕ್ಕೆ ಬಂದರು. ಹೊಸ ಮದ್ದು ಕಂಡುಹಿಡಿಯಬೇಕಾಗಲಿಲ್ಲ. ಇದ್ದದ್ದನ್ನು ಒಂದೇ ಸಮ ಮಾಡಿದರು, ಅಷ್ಟೇ. ನಮ್ಮಲ್ಲಿ ಇನ್ನೂ ‘ಡಿ.ಎಸ್.’, ‘ಫೋರ್ಟ್’, ‘ಪ್ಲಸ್’ ಎಂಬ ಬಾಲಗಳು ಹೆಸರಿನ ಹಿಂದೆ ನೇತಾಡುತ್ತಿವೆ. ಒಂದು ಕಂಪೆನಿಯ ಫೋರ್ಟಿಗೂ ಇನ್ನೊಂದರ ಫೋರ್ಟಿಗೂ ಸಂಬಂಧವಿರಬೇಕೆಂದೇನೂ ಇಲ್ಲ.

ಚಮಚವನ್ನು ಅಳೆದು ನೋಡಿ

ಔಷಧಶಾಸ್ತ್ರದ ಚಮಚ 5 ಮಿ.ಲೀ., ದೊಡ್ಡ ಚಮಚ 15 ಮಿ.ಲೀ. ಮನೆಯ ಚಮಚಗಳು ಆ ಶಾಸ್ತ್ರ ಓದಿಲ್ಲ. ಗ್ರೀಸ್ ದೇಶದಲ್ಲಿ 25 ಮನೆಗಳ ಚಹಾ ಚಮಚಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಅತಿ ಚಿಕ್ಕದು 2.5 ಮಿ.ಲೀ., ಅತಿ ದೊಡ್ಡದು 7.3 ಮಿ.ಲೀ. ಹಿಡಿಯುತ್ತಿತ್ತು. ಅಂದರೆ ಸುಮಾರು ಮೂರು ಪಟ್ಟು ಅಂತರ.

ಗ್ರೀಸಿನ ಮಾತು ನಂಬಬೇಕಾಗಿಲ್ಲ, ಇದನ್ನು ಯಾವ ವಿದ್ಯಾರ್ಥಿಯೂ ಭಾನುವಾರ ಮನೆಯಲ್ಲೇ ಮಾಡಬಹುದು. ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ 5 ಮಿ.ಲೀ. ಸಿರಿಂಜ್ ಒಂದನ್ನು ತನ್ನಿ. ಮನೆಯ ಒಂದು ಚಮಚದಿಂದ 10 ಸಲ ನೀರು ತುಂಬಿ ಲೋಟಕ್ಕೆ ಸುರಿಯಿರಿ. ಆ ನೀರನ್ನು ಸಿರಿಂಜಿನಿಂದ ಅಳೆದು 10ರಿಂದ ಭಾಗಿಸಿ. ಒಂದು ಸಲ ಅಳೆಯುವ ಬದಲು 10 ಸಲ ಅಳೆದು ಭಾಗಿಸುವುದು ಯಾಕೆಂದರೆ ಕೈ ನಡುಗಿದ್ದು, ಅಂಚಿನವರೆಗೆ ತುಂಬಿದ್ದು ತುಂಬದ್ದು ಎಲ್ಲ ಸೇರಿ ಸರಾಸರಿ ಬರುತ್ತದೆ. ಮನೆಯಲ್ಲಿರುವ ಉಪ್ಪಿನ ಚಮಚ, ಚಹಾದ ಚಮಚ, ಉಪ್ಪಿನಕಾಯಿ ಭರಣಿಯ ಚಮಚ, ಪಾಯಸದ ಚಮಚ, ಎಲ್ಲವನ್ನೂ ಅಳೆದು ಪಟ್ಟಿ ಮಾಡಿ. ‘ಒಂದು ಚಮಚ’ ಎಂಬ ಮಾತಿಗೆ ಎಷ್ಟು ಅರ್ಥಗಳಿವೆ ಎಂದು ಮನೆಯವರೆಲ್ಲ ನೋಡಲಿ.

ಕುಪ್ಪಿಯ ಜೊತೆ ಅಳತೆಯ ಮುಚ್ಚಳ ಬರುತ್ತದಲ್ಲ ಎಂದು ಕೇಳಬಹುದು. ಬರುತ್ತದೆ. ಆದರೆ ಅದರ ಗೀಟುಗಳು ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಪಾರದರ್ಶಕವಾಗಿಯೇ ಇರುತ್ತವೆ, ಬಿಳಿ ಹಾಳೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದಂತೆ! ಲೇಬಲ್ ಹೇಳುವ ಅಳತೆ ಒಂದು, ಮುಚ್ಚಳದ ಗೀಟು ಇನ್ನೊಂದು ಆಗುವುದೂ ಉಂಟು. ಇದು ನಮ್ಮ ದೇಶದ ಕಾಯಿಲೆ ಮಾತ್ರವಲ್ಲ. ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಮಕ್ಕಳ ದ್ರವ ಔಷಧಗಳಲ್ಲಿ 200ನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 148 ಕುಪ್ಪಿಗಳ ಜೊತೆ ಅಳತೆಯ ಸಾಧನ ಇತ್ತು. ಅವುಗಳಲ್ಲಿ 146ರಲ್ಲಿ ಲೇಬಲಿಗೂ ಸಾಧನಕ್ಕೂ ಏನಾದರೊಂದು ತಾಳಮೇಳ ತಪ್ಪಿತ್ತು.

ಇನ್ನು ಡ್ರಾಪರ್. ಒಂದು ಕುಪ್ಪಿಯ ಡ್ರಾಪರ್ ಇನ್ನೊಂದಕ್ಕೆ ಹಾಕುವುದು ನಮ್ಮ ಮನೆಗಳ ಮಿತವ್ಯಯದ ಅಭ್ಯಾಸ. ಅದು ಬೇಡ. ಹನಿಯ ಗಾತ್ರ ಕೊಳವೆಯ ಬಾಯಿಯನ್ನೂ ದ್ರವದ ಮಂದತೆಯನ್ನೂ ಅವಲಂಬಿಸಿದೆ. ವಿಟಮಿನ್ ಡಿ ಹನಿಗಳೇ 1 ಮಿ.ಲೀ.ಗೆ 400 ಘಟಕದ್ದೂ ಇವೆ, 800 ಘಟಕದ್ದೂ ಇವೆ.

ಪುಡಿಯಾಗಿ ಬರುವ ಆಂಟಿಬಯಾಟಿಕ್ ಸಿರಪ್ಪಿನ ಪಾಡು ಇನ್ನೊಂದು. ಕಾಯಿಸಿ ಆರಿಸಿದ ನೀರನ್ನು ಕುಪ್ಪಿಯ ಗುರುತಿನವರೆಗೆ ಹಾಕಬೇಕು. ಮೊದಲು ಅರ್ಧ ಹಾಕಿ ಕುಲುಕಿ, ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿದರೆ ಲೆಕ್ಕ ಸರಿ. ನೊರೆಯನ್ನೇ ನೀರೆಂದು ತಿಳಿದು ನಿಲ್ಲಿಸಿದರೆ ಮದ್ದು ಗಟ್ಟಿ, ಗುರುತು ದಾಟಿದರೆ ನೀರು. ಕಲಸಿದ ಮೇಲೆ ಅದರ ಆಯುಸ್ಸು ಕೆಲವೇ ದಿನ. ಎಷ್ಟು ದಿನ ಎಂದು ಲೇಬಲಿನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ತಾರೀಕು ಒಣ ಪುಡಿಗೆ ಸೇರಿದ್ದು.

ಭೇದಿಗೆ ಕೊಡುವ ಓ.ಆರ್.ಎಸ್. ಪೊಟ್ಟಣದಲ್ಲಿಯೂ ಎರಡು ಗಾತ್ರವಿದೆ. ದೊಡ್ಡದು 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ. ನೀರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟ ನೀರಿಗೆ ಹಾಕಿದರೆ ಉಪ್ಪು ಐದು ಪಟ್ಟಾಗುತ್ತದೆ, ಭೇದಿಯಾದ ಮಗುವಿಗೆ ಅದು ಉಪಕಾರವಲ್ಲ.

1-0-1

ನಮ್ಮ ವೈದ್ಯರು ಬರೆಯುವ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಒ.ಎಸ್. ಎಂಬವೆಲ್ಲ ಲ್ಯಾಟಿನ್ ಭಾಷೆಯ ಪಳೆಯುಳಿಕೆಗಳು. ದಿನಕ್ಕೆ ಎರಡು ಸಲ, ದಿನಕ್ಕೆ ಮೂರು ಸಲ, ಮಲಗುವ ಹೊತ್ತಿಗೆ, ಅಗತ್ಯವಿದ್ದರೆ ಮಾತ್ರ, ಎಂದು ಕ್ರಮವಾಗಿ ಅವುಗಳ ಅರ್ಥ. ರೋಮನರು ಹೋಗಿ ಸಾವಿರದೈನೂರು ವರ್ಷ ಕಳೆದರೂ ಅವರ ಭಾಷೆ ಬೆಳ್ಳಾರೆಯ ರೋಗಿಯ ಚೀಟಿಯಲ್ಲಿ ಬದುಕಿದೆ ಎಂಬುದು ಸೋಜಿಗವೇ ಸರಿ. ಬರಹವಂತೂ ಪ್ರಸಿದ್ಧ. ಮದ್ದಿನ ಹೆಸರನ್ನು ಓದುವಂತೆ, ಸಾಧ್ಯವಾದರೆ ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿತು. 2024ರ ಜನವರಿಯಲ್ಲಿ ಒಡಿಶಾ ಹೈಕೋರ್ಟೂ ತನ್ನ ರಾಜ್ಯದ ವೈದ್ಯರಿಗೆ ಇದನ್ನೇ ಹೇಳಬೇಕಾಯಿತು.

ಆದರೆ ಇದೇ ಚೀಟಿಗಳಲ್ಲಿ ಒಂದು ಒಳ್ಳೆಯ ಪದ್ಧತಿಯೂ ಬೆಳೆದಿದೆ. ಅದೇ 1-0-1. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದಕ್ಕೆ ಭಾಷೆಯ ಹಂಗಿಲ್ಲ. ಪುತ್ತೂರು ಪೇಟೆಯ ಮೆಡಿಕಲ್ ಅಂಗಡಿಯ ಮುಂದೆ ಒಂದು ಗಂಟೆ ನಿಂತರೆ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ ಎಲ್ಲ ಕಿವಿಗೆ ಬೀಳುತ್ತವೆ. ಸುಳ್ಯದಲ್ಲಿ ಅರೆಭಾಷೆಯೂ ಸೇರುತ್ತದೆ. ಅಂಗಡಿಯವರು ಕವರಿನ ಮೇಲೆ ಪೆನ್ನಿನಿಂದ 1-0-1 ಎಂದು ಗೀಚಿ, “ಅಕ್ಕಾ, ಕಾಂಡೆ ಒಂಜಿ, ರಾತ್ರೆಗ್ ಒಂಜಿ” ಎಂದು ಬಾಯಲ್ಲೂ ಹೇಳಿಬಿಡುತ್ತಾರೆ. ಆ ಬಾಯಿಮಾತು ಎಷ್ಟು ಜೀವ ಉಳಿಸಿದೆಯೋ ಯಾರು ಲೆಕ್ಕ ಇಟ್ಟಿದ್ದಾರೆ!

‘ದಿನಕ್ಕೆ ಎರಡು ಸಲ’ ಎಂಬ ಮಾತಿಗಿಂತ 1-0-1 ಎಷ್ಟು ಮೇಲು ಎಂಬುದನ್ನು ತಿಳಿಯಲು 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಬೇಕು. 395 ರೋಗಿಗಳಿಗೆ ಮದ್ದಿನ ಲೇಬಲ್‌ಗಳನ್ನು ಓದಿಸಿದರು. ಒಂದರಲ್ಲಿ ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂದಿತ್ತು. ಓದುಬರಹ ಕಡಿಮೆ ಇದ್ದವರಲ್ಲಿ ನೂರಕ್ಕೆ 71 ಮಂದಿ ಅದನ್ನು ಸರಿಯಾಗಿಯೇ ಓದಿ ಹೇಳಿದರು. ‘ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆಯೋ ಅಷ್ಟನ್ನು ಎಣಿಸಿ ತೋರಿಸಿ’ ಎಂದಾಗ ನಾಲ್ಕನ್ನು ಎಣಿಸಿದವರು ನೂರಕ್ಕೆ 35 ಮಾತ್ರ. ಓದುವುದು ಬೇರೆ, ಕೈಯಲ್ಲಿ ಮಾಡುವುದು ಬೇರೆ. ಇಂಥ ಅಧ್ಯಯನಗಳ ಬಳಿಕ ಅಲ್ಲಿನ ತಜ್ಞರು ದಿನವನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ ಎಂದು ನಾಲ್ಕು ಮನೆ ಮಾಡಿ, ಲೇಬಲಿನಲ್ಲಿ ಒಂದೊಂದು ಮನೆಗೂ ಎಷ್ಟು ಮಾತ್ರೆ ಎಂದು ಮುದ್ರಿಸುವ ಪದ್ಧತಿಯನ್ನು ಮುಂದಿಟ್ಟರು. ನಮ್ಮ 1-0-1 ಅದರ ಬಡ ಸಂಬಂಧಿ ಅಷ್ಟೇ.

ಬಡತನ ಇರುವುದು ಎಲ್ಲಿ? ಮೊದಲನೆಯದಾಗಿ ಅದು ಮುದ್ರಿತವಲ್ಲ, ಕವರು ಹರಿದರೆ ಹೋಯಿತು. ಎರಡನೆಯದಾಗಿ, ಮಾತ್ರೆಗೆ 1 ಎಂದರೆ ಒಂದು ಮಾತ್ರೆ. ಸಿರಪ್ಪಿಗೆ 1 ಎಂದರೆ ಒಂದು ಏನು? ಮುಚ್ಚಳವೇ, ಚಮಚವೇ, ಮಿ.ಲೀ.ಯೇ? ಕೊನೆಯ ಮನೆಯ ಅರ್ಥವೂ ಜಾರುತ್ತದೆ. ತುಳುವಿನ ‘ಬಯ್ಯ’ ಸಂಜೆಯ ಹೊತ್ತು, ರಾತ್ರಿಯಲ್ಲ. ಮೂರನೆಯ 1ನ್ನು ಬಯ್ಯದ ಚಹಾದ ಜೊತೆ ನುಂಗಿದರೆ ನಿದ್ದೆ ತರಿಸುವ ಮಾತ್ರೆ ಏಳು ಗಂಟೆಗೇ ಕೆಲಸ ಶುರುಮಾಡೀತು. ಜೊತೆಗೆ, ವಾರಕ್ಕೊಮ್ಮೆ ತೆಗೆದುಕೊಳ್ಳುವ ಮದ್ದಿಗೆ ಈ ಮೂರು ಮನೆಯಲ್ಲಿ ಜಾಗವೇ ಇಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಂದು ದಿನದ ಮದ್ದು. ಅದನ್ನು ದಿನವೂ ನುಂಗಿ ಪ್ರಾಣಾಪಾಯ ತಂದುಕೊಂಡ ಪ್ರಕರಣಗಳು ಜಗತ್ತಿನ ಹಲವು ಕಡೆ ನಡೆದು, ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ಅದಕ್ಕೆಂದೇ ಹೊಸ ಎಚ್ಚರಿಕೆಗಳನ್ನು ಹೇಳಬೇಕಾಯಿತು. 60,000 ಘಟಕದ ವಿಟಮಿನ್ ಡಿ ಮಾತ್ರೆಯೂ ಸಾಮಾನ್ಯವಾಗಿ ವಾರಕ್ಕೊಂದು. ಚೀಟಿಯ ಉಳಿದೆಲ್ಲ ಮಾತ್ರೆಗಳು ದಿನದವಾಗಿರುವಾಗ ಇದೊಂದು ಬೇರೆ ಎಂದು ನೆನಪಿಡುವವರು ಯಾರು?

ಸಕ್ಕರೆ ಕಾಯಿಲೆಯವರ ಇನ್ಸುಲಿನ್‌ನಲ್ಲಂತೂ ಗೀಟಿನ ಗೊಂದಲ ಇನ್ನೂ ತೀಕ್ಷ್ಣ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ 1 ಮಿ.ಲೀ.ಗೆ 40 ಘಟಕ. ಅದರ ಸಿರಿಂಜಿನ ಟೊಪ್ಪಿ ಕೆಂಪು. 100 ಘಟಕದ ಇನ್ಸುಲಿನ್‌ಗೆ ಕಿತ್ತಳೆ ಟೊಪ್ಪಿಯ ಸಿರಿಂಜ್. 100ರ ಇನ್ಸುಲಿನನ್ನು ಕೆಂಪು ಟೊಪ್ಪಿಯ ಸಿರಿಂಜಿನಲ್ಲಿ ‘20’ರ ಗೀಟಿಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಘಟಕ. ಅರ್ಧ ಮಿ.ಲೀ.ಯ ಲೆಕ್ಕ, ವಿದ್ಯಾರ್ಥಿಗಳು ಮಾಡಿ ನೋಡಬಹುದು. ಸಕ್ಕರೆ ಒಮ್ಮೆಲೇ ಕುಸಿದು ರೋಗಿ ಎಚ್ಚರ ತಪ್ಪಲು ಅಷ್ಟು ಸಾಕು.

ಕಾಗದದ ಪಟ್ಟಿಯಿಂದ ಬಣ್ಣದ ಮಾತ್ರೆವರೆಗೆ

ಅರುವತ್ತು ದಾಟಿದವರಿಗೆ ಕಂಪೌಂಡರ ಮಿಕ್ಸ್ಚರ್ ಕುಪ್ಪಿ ನೆನಪಿದ್ದೀತು. ಕೆಂಪು ಬಣ್ಣದ ಕಹಿ ನೀರು, ಬೆಂಡಿನ ಬಿರಡೆ. ಕುಪ್ಪಿಯ ಬದಿಗೆ ಉದ್ದಕ್ಕೆ ಅಂಟಿಸಿದ ಒಂದು ಬಿಳಿ ಕಾಗದದ ಪಟ್ಟಿ. ಅದರ ಅಂಚನ್ನು ಕತ್ತರಿಯಿಂದ ಸಮನಾಗಿ ಕಚ್ಚು ಮಾಡಿರುತ್ತಿದ್ದರು. ಒಂದು ಕಚ್ಚು ಇಳಿದರೆ ಒಂದು ಹೊತ್ತಿನ ಮದ್ದು. ಓದಲು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಎಷ್ಟು ಹೊತ್ತಿನದ್ದು ಉಳಿದಿದೆ ಎಂಬುದೂ ಕಣ್ಣಿಗೆ ಕಾಣುತ್ತಿತ್ತು. ಒಳಗಿನ ಮದ್ದು ಎಂಥದೋ ಇರಲಿ, ಲೇಬಲ್ ಮಾತ್ರ ಇಂದಿನ ಮಿರಿಮಿರಿ ಪೆಟ್ಟಿಗೆಗಿಂತ ಪ್ರಾಮಾಣಿಕವಾಗಿತ್ತು.

ಸರ್ಕಾರಿ ಆರೋಗ್ಯ ಕಾರ್ಯಕ್ರಮಗಳು ಆ ಜಾಣತನವನ್ನು ಪೂರ್ತಿ ಮರೆತಿಲ್ಲ. ಶಾಲೆಗೆ ಹೋಗುವವರಿಗೆ ಕಬ್ಬಿಣಾಂಶದ ಮಾತ್ರೆ ಗೊತ್ತೇ ಇದೆ. ಸಣ್ಣ ತರಗತಿಯವರಿಗೆ ಗುಲಾಬಿ, ಹೈಸ್ಕೂಲಿನವರಿಗೆ ನೀಲಿ, ಗರ್ಭಿಣಿಯರಿಗೆ ಕೆಂಪು. ಮಾತ್ರೆಯ ಬಣ್ಣವೇ ಅದು ಯಾರದ್ದು ಎಂದು ಹೇಳಿಬಿಡುತ್ತದೆ. ಮಲೇರಿಯಾದ ಕಾಟ ಕಂಡ ದಕ್ಷಿಣ ಕನ್ನಡ ಜಿಲ್ಲೆಯ ಆರೋಗ್ಯ ಕಾರ್ಯಕರ್ತರಿಗೆ ಇನ್ನೊಂದು ಉದಾಹರಣೆಯೂ ಪರಿಚಿತ. ಫಾಲ್ಸಿಪಾರಂ ಮಲೇರಿಯಾಕ್ಕೆ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದ ಮಾತ್ರೆಯ ಪಟ್ಟಿಗಳು ವಯಸ್ಸಿಗೊಂದು ಬಣ್ಣ: 1 ವರ್ಷದೊಳಗಿನವರಿಗೆ ಗುಲಾಬಿ, 1ರಿಂದ 4ಕ್ಕೆ ಹಳದಿ, 5ರಿಂದ 8ಕ್ಕೆ ಹಸಿರು, 9ರಿಂದ 14ಕ್ಕೆ ಕೆಂಪು, 15 ದಾಟಿದವರಿಗೆ ಬಿಳಿ. ಮೂರು ದಿನದ ಮದ್ದು ಒಂದೇ ಪಟ್ಟಿಯಲ್ಲಿ. ಕೀಟನಾಶಕದ ಡಬ್ಬಿಯ ಮೇಲೂ ವಿಷದ ಪ್ರಮಾಣ ತಿಳಿಸುವ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿವೆ; ಒಳಗೆ ಹಲವು ಭಾಷೆಗಳ ಕೈಪಿಡಿ ಇರುತ್ತದೆ, ಕನ್ನಡವೂ ಸೇರಿ. ತೋಟದ ಕೊಟ್ಟಿಗೆಯಲ್ಲಿರುವ ಡಬ್ಬಿಗೆ ಸಿಕ್ಕ ಗೌರವ ಮನೆಯೊಳಗಿನ ಕುಪ್ಪಿಗೆ ಸಿಕ್ಕಿಲ್ಲ.

ಎಚ್ಚರಿಕೆಯನ್ನು ಲೇಬಲಿಗೇ ತರುವ ಪ್ರಯತ್ನ ಆಗುತ್ತಿಲ್ಲವೆಂದಲ್ಲ. ಶೀತಕ್ಕೆ ಕೊಡುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಜೋಡಿ ಮದ್ದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಲೇಬಲಿನಲ್ಲೇ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪಿಗೆ ಮಕ್ಕಳು ಬಲಿಯಾದಾಗ, ಅದು ಪ್ರಮಾಣದ ತಪ್ಪಲ್ಲದಿದ್ದರೂ, ಕೇಂದ್ರ ಆರೋಗ್ಯ ಇಲಾಖೆ ಇನ್ನೊಂದು ಸಲಹೆ ಕೊಟ್ಟಿತು: ಕೆಮ್ಮು ಶೀತದ ಮದ್ದನ್ನು 2 ವರ್ಷದೊಳಗಿನವರಿಗೆ ಬರೆಯಲೇಬಾರದು, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ. ಇಂಗ್ಲಿಷ್ ಸುತ್ತೋಲೆ ಆಲಂಕಾರಿನ ಅಮ್ಮನಿಗೆ ತಲುಪುವುದು ಕುಪ್ಪಿಯ ಮೇಲೆ ಕನ್ನಡದಲ್ಲಿ ‘5 ವರ್ಷದೊಳಗೆ ಬೇಡ’ ಎಂದು ಬಂದಾಗಲೇ.

ಕನ್ನಡದ ಮಾತು ಬಂದಿತು. ಕರ್ನಾಟಕದಲ್ಲಿ ಈಗ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಜಾರಿಯಲ್ಲಿದೆ. ರಾಜ್ಯದಲ್ಲಿ ತಯಾರಾಗಿ ಇಲ್ಲಿಯೇ ಮಾರಾಟವಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಬೇರೆ ಭಾಷೆಯ ಜೊತೆ ಕನ್ನಡದಲ್ಲಿಯೂ ಇರಬೇಕು ಎಂದು ಅದು ಹೇಳುತ್ತದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ಇದಕ್ಕೆ ಆದೇಶವನ್ನೂ ಹೊರಡಿಸಿತು. ಮದ್ದಿಗೆ ಇದರಿಂದ ಎಷ್ಟು ಪ್ರಯೋಜನ? ಕಪಾಟಿನ ಕುಪ್ಪಿಗಳನ್ನು ತಿರುಗಿಸಿ ತಯಾರಕರ ವಿಳಾಸ ನೋಡಿದರೆ ಹಿಮಾಚಲದ ಬದ್ದಿ, ಉತ್ತರಾಖಂಡ, ಸಿಕ್ಕಿಂ, ಗುಜರಾತ್ ಎಂದೇ ಬಹಳ ಕಡೆ ಕಾಣುತ್ತದೆ. ಹೊರಗೆ ತಯಾರಾದ ಕುಪ್ಪಿಗೆ ಆ ನಿಯಮ ತಾಗುವುದಿಲ್ಲ. ಔಷಧ ನಿಯಮ ಕೇಂದ್ರದ್ದಾದ್ದರಿಂದ ತಿದ್ದುವುದೂ ಅಲ್ಲಿಯೇ ಆಗಬೇಕು.

ಅಷ್ಟು ಸಣ್ಣ ಕುಪ್ಪಿಯ ಮೇಲೆ ಹದಿನೈದು ಭಾಷೆ ಹಿಡಿಸುವುದು ಹೇಗೆ ಎಂದು ಕಂಪೆನಿಗಳು ಕೇಳುತ್ತವೆ. ನ್ಯಾಯವಾದ ಪ್ರಶ್ನೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಮದ್ದುಗಳ ಮೇಲೆ ಕ್ಯೂ.ಆರ್. ಕೋಡ್ ಕಡ್ಡಾಯವಾಗಿದೆ. ಅದನ್ನು ಮೊಬೈಲಿನಲ್ಲಿ ತೆರೆದರೆ ಮದ್ದಿನ ಹೆಸರು, ತಯಾರಕರು, ಬ್ಯಾಚು, ತಾರೀಕುಗಳು, ಲೈಸೆನ್ಸ್ ನಂಬರು ಬರಬೇಕು. ನಕಲಿ ಮದ್ದು ಹಿಡಿಯಲು ಅದು ಉಪಯುಕ್ತ. ಆದರೆ ಅಲ್ಲಿಯೂ ಎಷ್ಟು ಕುಡಿಯಬೇಕು ಎಂಬುದು ಆ ಪಟ್ಟಿಯಲ್ಲಿಲ್ಲ. ಹದಿನೈದು ಭಾಷೆಗೆ ಜಾಗವಿರುವ ಏಕೈಕ ಚೌಕವನ್ನೂ ಲೈಸೆನ್ಸ್ ನಂಬರಿಗೆ ಕೊಟ್ಟುಬಿಟ್ಟೆವು! ಅದೇ ಚೌಕದಲ್ಲಿ ‘ಇದು 5 ಮಿ.ಲೀ.ಗೆ ಇಷ್ಟು, ಕಿಲೋ ತೂಕಕ್ಕೆ ಇಷ್ಟು, ದಿನಕ್ಕೆ ಇದಕ್ಕಿಂತ ಹೆಚ್ಚಲ್ಲ’ ಎಂದು ಕನ್ನಡದಲ್ಲೂ ತುಳುವಿನಲ್ಲೂ ಓದಿ ಹೇಳುವ ಧ್ವನಿಯನ್ನೇ ಇಡಬಹುದಿತ್ತು.

ಅಲ್ಲಿಯವರೆಗೆ ಮನೆಯಲ್ಲಿಯೇ ಮಾಡಬಹುದಾದ ಕೆಲಸ ಸಣ್ಣದು. ಮದ್ದು ಕೊಳ್ಳುವಾಗ ಅಂಗಡಿಯಲ್ಲೇ ನಿಂತು “ಎಷ್ಟು ಮಿ.ಲೀ.?” ಎಂದು ಕೇಳಬೇಕು, ‘ಎಷ್ಟು ಚಮಚ’ ಎಂದಲ್ಲ. ಕುಪ್ಪಿಯ ಮೇಲೆ ಬಿಳಿ ಪಟ್ಟಿಯೊಂದನ್ನು ಅಂಟಿಸಿ, ಯಾರಿಗೆ ತಂದದ್ದು, ಆಗ ಆ ಮಗುವಿನ ತೂಕ ಎಷ್ಟು, ಒಂದು ಸಲಕ್ಕೆ ಎಷ್ಟು ಮಿ.ಲೀ., ಬೆಳಿಗ್ಗೆ ಮಧ್ಯಾಹ್ನ ಸಂಜೆ ರಾತ್ರಿ ಎಂಬ ನಾಲ್ಕು ಮನೆಯಲ್ಲಿ ಯಾವುದಕ್ಕೆ, ಕುಪ್ಪಿ ಒಡೆದ ತಾರೀಕು ಯಾವುದು ಎಂದು ಬರೆಯಬೇಕು. ಅರ್ಧ ಮಿ.ಲೀ.ಯನ್ನು ‘.5’ ಎಂದಲ್ಲ, ‘0.5’ ಎಂದು, ಐದನ್ನು ‘5.0’ ಎಂದಲ್ಲ, ‘5’ ಎಂದು. ಚುಕ್ಕಿ ಮಾಸಿದರೆ ಮೊದಲನೆಯದು ಹತ್ತು ಪಟ್ಟು, ಎರಡನೆಯದೂ ಹತ್ತು ಪಟ್ಟು. ವಾರಕ್ಕೊಂದು ಮಾತ್ರೆಯಾದರೆ ವಾರದ ಹೆಸರನ್ನೇ ಬರೆಯಬೇಕು. ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೊಡುವಾಗ ಹೆಸರೂ ಅವಧಿಯ ತಾರೀಕೂ ಇರುವ ತುಂಡನ್ನೇ ಕೊಡಲು ಕೇಳಬೇಕು. ಇಲ್ಲದಿದ್ದರೆ ಅವನ್ನು ಕವರಿನ ಮೇಲೆ ಬರೆಸಿಕೊಳ್ಳಬೇಕು. ಈ ಬರೆಯುವ ಕೆಲಸವನ್ನು ಮನೆಯ ಏಳನೇ ತರಗತಿಯವರಿಗೆ ವಹಿಸಬಹುದು. ಹೇಗೂ ಓದುವವರು ಅವರೇ.